ಆ ಜಾಹೀರಾತಿನಲ್ಲಿರೋದು ನಾನಲ್ಲ

ಇವತ್ತು ಗೆಸ್ಟ್ ಯಾರೂ ಇಲ್ಲ, ನಾನೊಬ್ಬನೇ ಮಾತಾಡೋದು. ಹಿಂದೆ ಫ್ಯಾನ್ ಸದ್ದು ಕೇಳಿದ್ರೆ ಅಡ್ಜಸ್ಟ್ ಮಾಡ್ಕೊಳ್ಳಿ. ದಾವಣಗೆರೆ ಏಪ್ರಿಲ್ ಬಿಸಿಲಲ್ಲಿ ಫ್ಯಾನ್ ಆಫ್ ಮಾಡಿ ರೆಕಾರ್ಡ್ ಮಾಡೋ ಧೈರ್ಯ ನನಗಿಲ್ಲ.

ಹೋದ ವಾರ ಒಬ್ಬ ಕೇಳುಗ ಮೆಸೇಜ್ ಹಾಕಿದ್ದ. "ಅಣ್ಣ, ನಮ್ಮ ಜಿಲ್ಲೆಯ ಪೇಪರ್‌ನಲ್ಲಿ ಡಿಸೈನರ್ ಕೆಲಸ ಸಿಕ್ಕಿದೆ. ಹುಡುಗ್ರು ಓದೋ ಪುಟಕ್ಕೆ ಜಾಹೀರಾತು, ಫೋಟೋ ಎಲ್ಲ ನಾನೇ ನೋಡ್ಕೋಬೇಕಂತೆ. ಯಾವ ಸಾಫ್ಟ್‌ವೇರ್ ಕಲೀಲಿ?" ಎರಡು ಹೆಸರು ಟೈಪ್ ಮಾಡಿದೆ, ಅಳಿಸಿದೆ. ನಾನೂ ಆ ಕೆಲಸ ಮಾಡಿದ್ದೀನಿ, 2018ರಲ್ಲಿ ಸೇರಿ ಸುಮಾರು ಒಂದೂವರೆ ವರ್ಷ. ಆ ದಿನಗಳನ್ನ ನೆನೆಸ್ಕೊಂಡ್ರೆ ನನ್ನ ಕಣ್ಣಮುಂದೆ ಬರೋದು ಒಂದೇ ಒಂದು ಫೋಟೋ. ಮೆಸೇಜಲ್ಲಿ ಬರೆಯೋಕೆ ಆಗದೇ ಇದ್ದದ್ದನ್ನ ಇಲ್ಲಿ ಹೇಳ್ತೀನಿ. ಪತ್ರಿಕೆ ಹೆಸರು ಹೇಳಲ್ಲ, ಕೇಳಬೇಡಿ.

ನಾನು ಸೇರಿದ್ದು ಡಿಸೈನ್ ಮಾಡೋಕೆ ಅಲ್ಲ. ಬಿ.ಕಾಂ. ಮುಗಿಸಿದ್ದೆ, ಜಾಹೀರಾತು ವಿಭಾಗದಲ್ಲಿ ಬಿಲ್ ಬರೆಯೋಕೆ ಒಬ್ಬ ಬೇಕಿತ್ತು. ಪೇಪರ್ ಜಾಹೀರಾತಿನ ಲೆಕ್ಕ ಸುಲಭ. ಎಷ್ಟು ಕಾಲಂ ಅಗಲ, ಎಷ್ಟು ಸೆಂಟಿಮೀಟರ್ ಎತ್ತರ, ಎರಡನ್ನೂ ಗುಣಿಸಿ ದರದಿಂದ ಗುಣಿಸೋದು. ಎರಡು ಕಾಲಂ, ಹತ್ತು ಸೆಂಟಿಮೀಟರ್ ಅಂದ್ರೆ 20. ದರ 100 ರೂಪಾಯಿ ಅಂತ ಇಟ್ಕೊಂಡ್ರೆ 2,000. ಹಬ್ಬದ ಟೈಮಲ್ಲಿ, ಮೊದಲ ಪುಟದಲ್ಲಿ ಬೇರೆ ದರ. ಅಷ್ಟೇ. ಆ ಎರಡು ಕಾಲಂ ಹತ್ತು ಸೆಂಟಿಮೀಟರಿನೊಳಗೆ ಏನು ಇರುತ್ತೆ ಅನ್ನೋದು ಮೊದಮೊದಲು ನನಗೆ ಸಂಬಂಧವೇ ಇರಲಿಲ್ಲ.

ಆಮೇಲೆ ಒಂದಿನ ಯಜಮಾನ್ರಿಗೆ ಅನಿಸಿತು, ನಮ್ಮ ಪೇಪರ್ ಓದೋರೆಲ್ಲ ಐವತ್ತು ದಾಟಿದೋರು, ಊರು ತುಂಬ ಕಾಲೇಜು ಇಟ್ಕೊಂಡು ಹುಡುಗ್ರು ಯಾಕೆ ನಮ್ಮ ಪೇಪರ್ ಮುಟ್ಟಲ್ಲ ಅಂತ. ನಿಜ, ಇಂಜಿನಿಯರಿಂಗ್, ಮೆಡಿಕಲ್, ಡಿಗ್ರಿ, ಪಿಯು ಅಂತ ವಿದ್ಯಾನಗರದ ಕಡೆಯಿಂದ ಹದಡಿ ರೋಡ್‌ವರೆಗೂ ಬರೀ ಬ್ಯಾಗ್ ಹಾಕ್ಕೊಂಡ ಹುಡುಗ್ರೇ. ವಾರಕ್ಕೊಂದು ದಿನ ನಾಲ್ಕು ಪುಟದ ಯುವ ಪುರವಣಿ ಶುರು ಮಾಡಿದ್ರು. ಆಫೀಸಲ್ಲಿ ಮೂವತ್ತಕ್ಕಿಂತ ಕಡಿಮೆ ವಯಸ್ಸಿನವನು ನಾನೊಬ್ಬನೇ, ಫೋನಲ್ಲಿ ಫೋಟೋ ಎಡಿಟ್ ಮಾಡೋದು ಬೇರೆ ಗೊತ್ತಿತ್ತು. ಸರಿ, ಬಿಲ್ ಬುಕ್ ಜೊತೆಗೆ ಕೋರಲ್‌ಡ್ರಾ ಕೂಡ ನನ್ನ ಟೇಬಲ್‌ಗೆ ಬಂತು.

ಮೊದಲ ಮೂರು ತಿಂಗಳು ನಾನು ಮಾಡಿದ ಜಾಹೀರಾತುಗಳನ್ನ ಈಗ ನೋಡಿದ್ರೆ ನಗು ಬರುತ್ತೆ. ಟ್ಯುಟೋರಿಯಲ್ ಜಾಹೀರಾತಾ? ನೆಟ್‌ನಿಂದ ಇಳಿಸಿದ ಫೋಟೋ. ಹುಲ್ಲಿನ ಮೇಲೆ ಕೂತು ಲ್ಯಾಪ್‌ಟಾಪ್ ನೋಡಿ ನಗ್ತಿರೋ ನಾಲ್ಕು ಜನ ಫಾರಿನ್ ಹುಡುಗ್ರು. ಬಟ್ಟೆ ಅಂಗಡೀನಾ? ಇನ್ನೊಂದು ಫಾರಿನ್ ಜೋಡಿ. ಮೇಲೆ "ಬ್ರೋ, ಟ್ರೆಂಡ್ ಆಗು!" ಅಂತ ಹಳದಿ ಅಕ್ಷರ. ಯೂತ್ ಅಂದ್ರೆ ಇದೇ ಅಂತ ನನ್ನ ತಲೇಲಿತ್ತು. ಒಂದು ಸಂಜೆ ಮಂಡಕ್ಕಿ ಮಿರ್ಚಿ ಅಂಗಡಿ ಹತ್ರ ನಿಂತಿದ್ದೆ. ಎಣ್ಣೆ ಒರೆಸ್ಕೊಳ್ಳೋಕೆ ಕೊಟ್ಟಿದ್ದ ಪೇಪರ್ ತುಂಡು ನಮ್ಮ ಪುರವಣಿಯದೇ. ಪಕ್ಕದಲ್ಲಿದ್ದ ಹುಡುಗ ಅದನ್ನ ನೋಡಿ ಫ್ರೆಂಡ್‌ಗೆ ಹೇಳ್ತಿದ್ದ: "ಲೇ, ಇವರು ಯಾರಲೇ, ನಮ್ಮ ಜಯದೇವ ಸರ್ಕಲ್ ಟ್ಯುಟೋರಿಯಲ್‌ಗೆ ಅಮೆರಿಕಾದಿಂದ ಬರ್ತಾರೇನಲೇ?" ನಾನು ಮಿರ್ಚಿ ಬಾಯಲ್ಲಿ ಇಟ್ಕೊಂಡು ಸುಮ್ನೆ ನಿಂತಿದ್ದೆ.

ಅದೇ ಪೇಪರ್‌ನಲ್ಲಿ ಹುಡುಗ್ರು ನಿಜವಾಗಲೂ ಹುಡುಕ್ಕೊಂಡು ನೋಡ್ತಿದ್ದ ಜಾಹೀರಾತು ಒಂದಿತ್ತು. ನಿಮಗೆಲ್ಲ ಗೊತ್ತಿರುತ್ತೆ. ಊರಿನ ಲೀಡರ್ ಹುಟ್ಟುಹಬ್ಬ. ಮಧ್ಯದಲ್ಲಿ ದೊಡ್ಡದಾಗಿ ಅವರ ಫೋಟೋ, ಕೈಮುಗಿದಿರ್ತಾರೆ, ಕೆಳಗೆ "ಶುಭ ಕೋರುವವರು" ಅಂತ ಸ್ಟ್ಯಾಂಪ್ ಸೈಜಿನ ನಲವತ್ತು ತಲೆಗಳು. ಡಿಸೈನ್ ಕಲಿತವರು ನೋಡಿದ್ರೆ ಕಣ್ಣು ಮುಚ್ಕೋತಾರೆ. ಆದ್ರೆ ಆ ದಿನ ಬೆಳಿಗ್ಗೆ ಸ್ಟ್ಯಾಂಡ್ ಹತ್ರ ಹುಡುಗ್ರು ನಾಲ್ಕು ನಾಲ್ಕು ಪೇಪರ್ ಕೊಂಡ್ಕೊಳ್ತಿದ್ರು, ಮೂರನೇ ಸಾಲಲ್ಲಿ ಎಡಗಡೆಯಿಂದ ಐದನೇ ತಲೆ ತಮ್ಮದು ಅಂತ. ಪೇಪರ್‌ನ ಫೋಟೋ ತೆಗೆದು ಅದಕ್ಕೊಂದು ಕೆಂಪು ರೌಂಡ್ ಹಾಕಿ ಸ್ಟೇಟಸ್. ಸಂಜೆ ಹೊತ್ತಿಗೆ ಊರೆಲ್ಲ ನೋಡಿರ್ತಿತ್ತು. ಪೇಪರ್ ಓದೋರಿಗಿಂತ ಪೇಪರ್‌ನ ಫೋಟೋ ನೋಡೋರು ಜಾಸ್ತಿ ಅಂತ ನನಗೆ ಅವತ್ತು ಹೊಳೀತು.

ಆಮೇಲೆ ನಾನು ಫಾರಿನ್ ಫೋಟೋ ಬಿಟ್ಟೆ. ಕ್ಯಾಮೆರಾ ತಗೊಂಡು ಹೊರಗೆ ಹೋದೆ. ಬೆಣ್ಣೆದೋಸೆ ಹೋಟೆಲ್‌ನಲ್ಲಿ ಪ್ಲೇಟ್‌ಗೆ ಕೈ ಚಾಚಿರೋ ಹಾಸ್ಟೆಲ್ ಹುಡುಗ್ರು, ಬಸ್ ಸ್ಟ್ಯಾಂಡಲ್ಲಿ ಹರಪನಹಳ್ಳಿ ಬಸ್‌ಗೆ ಓಡ್ತಿರೋ ಹುಡುಗಿ, ಕಾಲೇಜ್ ಡೇಗೆ ಪಂಚೆ ಉಟ್ಟು ಬಂದ ಗ್ಯಾಂಗ್. ಊರಿನ ಮುಖ, ಊರಿನ ಜಾಗ. ಜಾಹೀರಾತುಗಳು ಕಣ್ಣಿಗೆ ಬೀಳೋಕೆ ಶುರುವಾದವು. ಅಂಗಡಿಯವರು ಫೋನ್ ಮಾಡಿ "ಆ ಹುಡುಗನ ಕೈಲೇ ಮಾಡ್ಸಿ" ಅನ್ನೋ ಮಟ್ಟಕ್ಕೆ. ನನಗೆ ತಲೆ ಸ್ವಲ್ಪ ದಪ್ಪ ಆಯ್ತು, ಒಪ್ಕೋತೀನಿ.

ಇಲ್ಲಿ ಸ್ವಲ್ಪ ಟೆಕ್ನಿಕಲ್ ಮಾತು ಬೇಕು. ಮೆಸೇಜ್ ಮಾಡಿದ ತಮ್ಮ, ಇದು ನಿನಗೆ. ನ್ಯೂಸ್‌ಪ್ರಿಂಟ್ ಅನ್ನೋದು ಬಡಪಾಯಿ ಕಾಗದ. ಜೆರಾಕ್ಸ್ ಅಂಗಡಿ ಹಾಳೆ 70, 75 ಜಿಎಸ್‌ಎಂ ಇದ್ರೆ ಇದು 45ರ ಆಸುಪಾಸು. ಬಣ್ಣ ಬೂದು, ಇಂಕ್ ಬಿದ್ದ ಕೂಡ್ಲೇ ಹೀರ್ಕೊಳ್ಳುತ್ತೆ. ಫೋಟೋ ಅಂದ್ರೆ ಅಲ್ಲಿ ಸಣ್ಣ ಸಣ್ಣ ಚುಕ್ಕಿ, ಆ ಚುಕ್ಕಿ ಹರಡ್ಕೊಳ್ಳುತ್ತೆ. ಅದಕ್ಕೆ ಡಾಟ್ ಗೇನ್ ಅಂತಾರೆ. ಕಂಪ್ಯೂಟರಲ್ಲಿ 50 ಪರ್ಸೆಂಟ್ ಇಟ್ಟ ಬೂದು ಬಣ್ಣ ಪೇಪರ್ ಮೇಲೆ 75ರ ಹತ್ತಿರ ಕಾಣಿಸುತ್ತೆ. ಹಾಗಾಗಿ ಸ್ಕ್ರೀನ್ ಮೇಲೆ ಚೆಂದ ಕಾಣೋ ಫೋಟೋ ಬೆಳಿಗ್ಗೆ ಪೇಪರಲ್ಲಿ ಮಸಿ ಬಳಿದಂಗೆ ಬಂದಿರುತ್ತೆ. ಮುಂಚೆನೇ ಲೈಟ್ ಮಾಡಿ ಕಳಿಸಬೇಕು. ಕಪ್ಪು ಬ್ಯಾಕ್‌ಗ್ರೌಂಡ್ ಮೇಲೆ ಬಿಳಿ ಸಣ್ಣ ಅಕ್ಷರ ಹಾಕಿದ್ರೆ ಇಂಕ್ ಒಳಗೆ ನುಗ್ಗಿ ಒತ್ತಕ್ಷರ ಮುಚ್ಚಿಹೋಗುತ್ತೆ. ಒಂದ್ಸಲ "ಪಕ್ಕಾ ಉದ್ಯೋಗ" ಅಂತ ಹಾಕಿದ್ವಿ, ಎರಡೂ ಒತ್ತು ಮಾಯ, "ಪಕಾ ಉದೋಗ" ಅಂತ ಓದೋ ಹಂಗೆ ಬಂದಿತ್ತು. ಇಂಗ್ಲಿಷ್ ಸಾಲಿನ ಅಂತರ ಕನ್ನಡಕ್ಕೆ ಸಾಲಲ್ಲ, ಕೆಳಗೆ ಒತ್ತು, ಮೇಲೆ ಗುಡಿಸು ಎರಡಕ್ಕೂ ಜಾಗ ಬಿಡಬೇಕು. ವಾಟ್ಸಾಪಲ್ಲಿ ಬಂದ ಫೋಟೋ ಪ್ರಿಂಟ್‌ಗೆ ಹಾಕಬೇಡ, ಡಾಕ್ಯುಮೆಂಟ್ ಆಗಿ ಕಳಿಸೋಕೆ ಹೇಳು. ಅಂಗಡಿಯವರು ಯೂನಿಕೋಡಲ್ಲಿ ಕಳಿಸಿದ್ದನ್ನ ಹಳೇ ನುಡಿ ಫಾಂಟ್‌ಗೆ ಕನ್ವರ್ಟ್ ಮಾಡಿದ್ಮೇಲೆ ಒಂದೊಂದು ಅಕ್ಷರಾನೂ ಓದು, ಅರ್ಕಾವತ್ತು ಎಲ್ಲೋ ಹೋಗಿ ಕೂತಿರುತ್ತೆ. ಇಷ್ಟೇ. ಉಳಿದಿದ್ದು ಯೂಟ್ಯೂಬಲ್ಲಿದೆ.

ಈಗ ಆ "ಲೈಟ್ ಮಾಡೋದು" ಅನ್ನೋದಕ್ಕೆ ವಾಪಸ್ ಬರ್ತೀನಿ. ಗೋಡೆ, ಬಟ್ಟೆ, ಮುಖ ಎಲ್ಲಾನೂ ಒಂದೇ ಸಮ ಲೈಟ್ ಮಾಡಿದ್ರೆ ಅದು ಪ್ರಿಂಟಿಂಗ್ ಕೆಲಸ. ನಮ್ಮಲ್ಲಿ ಮಾಡ್ತಿದ್ದಿದ್ದು ಬೇರೆ. ಪುಟ ಕಟ್ಟೋ ಅಣ್ಣ ಇಪ್ಪತ್ತು ವರ್ಷದಿಂದ ಅಲ್ಲೇ ಇದ್ದವರು, ನನಗೆ ಕಲಿಸಿದ್ದು ಅವರೇ: "ನೋಡಪ್ಪ, ಮುಖ ಸೆಲೆಕ್ಟ್ ಮಾಡು, ಎರಡು ಸಲ ಎತ್ತು. ಗಂಡಸಿಗೆ ಒಂದು, ಹೆಣ್ಣುಮಕ್ಕಳಿಗೆ ಎರಡು." ಕಂಪ್ಲೇಂಟ್ ಬರಬಾರ್ದು ಅಂತ. ಯಾಕಂದ್ರೆ ಕಪ್ಪಗೆ ಬಂದ್ರೆ ಪಾರ್ಟಿ ಬಿಲ್ ಕೊಡಲ್ಲ, ಬೆಳ್ಳಗೆ ಬಂದ್ರೆ ಯಾರೂ ಏನೂ ಅನ್ನಲ್ಲ. ಮದುವೆ ಫೋಟೋ, ಶ್ರದ್ಧಾಂಜಲಿ, ಎಲ್ಲದಕ್ಕೂ ಅದೇ ಲೆಕ್ಕ. ತೀರಿಕೊಂಡವರನ್ನೂ ನಾವು ಎರಡು ಸಲ ಎತ್ತಿ ಬೆಳ್ಳಗೆ ಮಾಡಿ ಕಳಿಸ್ತಿದ್ವಿ.

ಇದು ನಮ್ಮೂರ ಪ್ರೆಸ್‌ನ ರೋಗ ಮಾತ್ರ ಅಲ್ಲ. ಕೊಡಾಕ್ ಕಂಪನಿಯವರು ಕಲರ್ ಪ್ರಿಂಟ್ ಸರಿಯಾಗಿದೆಯಾ ಅಂತ ನೋಡೋಕೆ ಲ್ಯಾಬ್‌ಗಳಿಗೆ ಒಂದು ಕಾರ್ಡ್ ಕೊಡ್ತಿದ್ರು, ಶರ್ಲಿ ಕಾರ್ಡ್ ಅಂತ ಹೆಸರು. ಅದರಲ್ಲಿ ಇರ್ತಿದ್ದಿದ್ದು ಬಿಳಿ ಹೆಂಗಸಿನ ಮುಖ. ಆ ಮುಖ ಚೆನ್ನಾಗಿ ಬಂದ್ರೆ ಪ್ರಿಂಟ್ ಸರಿ. ದಶಕಗಟ್ಟಲೆ ಅದೇ ಅಳತೆ, ಕಪ್ಪು ಮೈಬಣ್ಣದವರ ಫೋಟೋ ಹೇಗೆ ಬಂದ್ರೂ ಅದು ಅವರವರ ಹಣೆಬರಹ. ಇನ್ನೊಂದು ಉಲ್ಟಾ ಕೇಸ್. 1994ರ ಜೂನ್ 27ರ ಟೈಮ್ ಮ್ಯಾಗಜಿನ್ ಕವರ್ ಮೇಲೆ ಓ.ಜೆ. ಸಿಂಪ್ಸನ್ ಅವರ ಪೊಲೀಸ್ ಫೋಟೋ ಹಾಕಿದ್ರು, ಮುಖ ಇನ್ನೂ ಕಪ್ಪಗೆ ಮಾಡಿ. ಅದೇ ವಾರ ನ್ಯೂಸ್‌ವೀಕ್ ಅದೇ ಫೋಟೋನ ಹೇಗಿತ್ತೋ ಹಾಗೇ ಹಾಕಿತ್ತು. ಅಂಗಡೀಲಿ ಎರಡೂ ಪಕ್ಕಪಕ್ಕ ಇದ್ದಿದ್ರಿಂದ ಜನಕ್ಕೆ ಗೊತ್ತಾಯ್ತು, ದೊಡ್ಡ ಗಲಾಟೆ ಆಯ್ತು. ನಮ್ಮ ಪೇಪರ್‌ಗೆ ಪಕ್ಕದಲ್ಲಿ ಇಟ್ಟು ನೋಡೋಕೆ ಯಾವ ನ್ಯೂಸ್‌ವೀಕ್ ಇತ್ತು ಹೇಳಿ. ಪಕ್ಕದಲ್ಲಿ ಇಡೋಕೆ ಇದ್ದಿದ್ದು ಆ ಮನುಷ್ಯರ ಮುಖಾನೇ.

ಹಂಗೇ ಆಯ್ತು.

ಒಂದು ಕಾಲೇಜಿನ ಫೆಸ್ಟ್‌ಗೆ ಪುರವಣಿಗೋಸ್ಕರ ಫೋಟೋ ತೆಗೆಯೋಕೆ ಹೋಗಿದ್ದೆ. ಮೆಟ್ಟಿಲ ಮೇಲೆ ಆರು ಹುಡುಗೀರು ಕೂತಿದ್ರು, ಕೇಳಿದೆ, ತೆಗೀರಿ ಸರ್ ಅಂದ್ರು, ತೆಗೆದೆ. ಫೆಸ್ಟ್ ಸುದ್ದಿ ಜೊತೆ ಅದು ಪ್ರಕಟ ಆಯ್ತು, ಎಲ್ಲರಿಗೂ ಖುಷಿ. ಫೋಟೋ ನಮ್ಮ ಕಂಪ್ಯೂಟರಲ್ಲಿ "ಯೂತ್ ಜನರಲ್" ಅನ್ನೋ ಫೋಲ್ಡರ್‌ಗೆ ಹೋಯ್ತು. ಎರಡು ತಿಂಗಳಾದ ಮೇಲೆ ಬ್ಯಾಂಕ್ ಪರೀಕ್ಷೆ ಕೋಚಿಂಗ್ ಸೆಂಟರ್ ಒಂದರಿಂದ ಕಾಲು ಪುಟದ ಜಾಹೀರಾತು ಬಂತು. ರಾತ್ರಿ ಏಳೂವರೆ, ಎಂಟಕ್ಕೆ ಪುಟ ಬಿಡಬೇಕು. ಅವರು ಕಳಿಸಿದ ಫೋಟೋ ವಾಟ್ಸಾಪಲ್ಲಿ ಬಂದ ಮಸುಕು ಫೋಟೋ. ಫೋನ್ ಮಾಡಿದ್ರೆ, "ತಮ್ಮಾ, ನಿಮ್ಮತ್ರ ಯಾವ್ದಾದ್ರೂ ಹುಡುಗಿ ಫೋಟೋ ಇದ್ರೆ ಹಾಕಪ್ಪ, ನಮ್ಮೂರೋಳ ತರ ಕಾಣ್ಬೇಕು, ಸ್ವಲ್ಪ ಬೆಳ್ಳಗಿರ್ಲಿ" ಅಂದ್ರು.

ನಾನು ಫೋಲ್ಡರ್ ತೆಗೆದೆ. ಆರು ಜನರಲ್ಲಿ ತುದೀಲಿ ಕೂತಿದ್ದ ಹುಡುಗಿ, ಕ್ಯಾಮೆರಾ ಕಡೆ ನೋಡಿ ಕಣ್ಣು ಕಿರಿದು ಮಾಡಿದ್ದಳು. ಅವಳನ್ನ ಮಾತ್ರ ಕಟ್ ಮಾಡಿದೆ. ಪಕ್ಕದ ಫ್ರೆಂಡ್ ಕೈ ಅವಳ ಭುಜದ ಮೇಲಿತ್ತು, ಆ ಕೈ ಅಳಿಸಿದೆ. ಮುಖ ಸೆಲೆಕ್ಟ್ ಮಾಡಿ ಎರಡು ಸಲ ಎತ್ತಿದೆ, ಪಾರ್ಟಿ ಹೇಳಿದ್ದಕ್ಕೆ ಇನ್ನೊಂದು ಸಲ. ಪಕ್ಕದಲ್ಲಿ ಅವರು ಕಳಿಸಿದ್ದ ಸಾಲು, "ನಾನು ಇಲ್ಲೇ ಓದಿ ಸೆಲೆಕ್ಟ್ ಆದೆ, ನೀವು?" ಎಲ್ಲಾ ಸೇರಿ ಇಪ್ಪತ್ತು ನಿಮಿಷ. ಎಂಟಕ್ಕೆ ಪುಟ ಹೋಯ್ತು. ಆ ಇಪ್ಪತ್ತು ನಿಮಿಷದಲ್ಲಿ ಒಂದ್ಸಲಾನಾದ್ರೂ ಇದು ತಪ್ಪು ಅಂತ ಅನಿಸಿತ್ತಾ ಅಂತ ಆಮೇಲೆ ಬಹಳ ಸಲ ನನ್ನನ್ನೇ ಕೇಳ್ಕೊಂಡಿದ್ದೀನಿ. ಅನಿಸಿರಲಿಲ್ಲ. ಡಿಸೈನ್ ಚೆನ್ನಾಗಿ ಬಂತು ಅಂತ ಅನಿಸಿತ್ತು.

ಎರಡು ದಿನಕ್ಕೆ ಅವಳು ಆಫೀಸಿಗೆ ಬಂದಳು. ಜೊತೆಗೆ ಅವಳ ಮಾವ. ಪೇಪರ್‌ನ ನನ್ನ ಟೇಬಲ್ ಮೇಲೆ ಬಿಡಿಸಿ ಇಟ್ಟು, "ಸರ್, ಇದು ಯಾರು?" ಅಂದಳು.

ನಾನು ಪೇಪರ್ ನೋಡಿದೆ, ಅವಳನ್ನ ನೋಡಿದೆ. ನಿಜ ಹೇಳ್ತೀನಿ, ಮೊದಲ ಒಂದು ಕ್ಷಣ ನನಗೂ ಗುರುತು ಸಿಗಲಿಲ್ಲ.

ಅವಳ ಮನೇಲಿ ಆಗಿದ್ದು ಇದು. ಅವಳು ಆ ಕೋಚಿಂಗ್‌ಗೆ ಹೋದವಳೇ ಅಲ್ಲ. ಆದ್ರೆ ಜಾಹೀರಾತಿನ ಫೋಟೋ ಸಂಬಂಧಿಕರ ಗ್ರೂಪ್‌ಗಳಲ್ಲೆಲ್ಲ ಓಡಾಡಿ, ಹರಿಹರದಿಂದ, ರಾಣೆಬೆನ್ನೂರಿಂದ ಕಂಗ್ರಾಟ್ಸ್ ಅಂತ ಫೋನ್ ಬಂದವು. ಬ್ಯಾಂಕ್ ಕೆಲಸ ಸಿಕ್ಕಿದ್ದು ಹೇಳ್ಲೇ ಇಲ್ವಲ್ಲ ಅಂತ ಕೆಲವರು ಬೇಜಾರು ಮಾಡ್ಕೊಂಡ್ರು. ಅಪ್ಪ ಬಟ್ಟೆ ಅಂಗಡೀಲಿ ಕೆಲಸ ಮಾಡೋರು, ಫೀಸ್‌ಗೆ ದುಡ್ಡು ಎಲ್ಲಿಂದ ಬಂತು, ಯಾರು ಕೊಟ್ರು, ನಮಗೆ ಹೇಳದೆ ಎಲ್ಲಿಗೆ ಹೋಗ್ತಿದ್ದೆ ಅಂತ ಕೇಳಿದ್ರಂತೆ. ಹೋಗಿಲ್ಲ ಅಂದ್ರೆ ಪೇಪರಲ್ಲಿ ಬಂದಿದ್ಯಲ್ಲ ಅಂತ. ಪೇಪರ್‌ನ ನಂಬೋ ಮನೆ ಅದು. ಎರಡು ದಿನ ಕಾಲೇಜಿಗೆ ಕಳಿಸಿರಲಿಲ್ಲ. ಇದೆಲ್ಲ ಹೇಳಿದ್ದು ಅವಳ ಮಾವ. ಅವಳು ಕೇಳಿದ್ದು ಬೇರೆ: "ನಮ್ಮಜ್ಜಿ ಈ ಫೋಟೋ ಕಟ್ ಮಾಡಿ ಇಟ್ಕೊಂಡಿದ್ದಾಳೆ ಸರ್. ಇದ್ರಲ್ಲೇ ಚೆಂದ ಇದ್ದೀಯ ಅಂತಾಳೆ. ಇದ್ರಲ್ಲಿ ನಾನೇ ಇಲ್ವಲ್ಲ."

ನಾನೇನು ಮಾಡಿದೆ? "ಮೇಡಂ, ಫೋಟೋ ತೆಗೆಯುವಾಗ ನೀವೇ ಒಪ್ಪಿದ್ರಲ್ವಾ" ಅಂದೆ. ಆಮೇಲೆ "ಪಾರ್ಟಿಯವರು ಹೇಳಿದ್ರು" ಅಂದೆ. ಎರಡೂ ಸುಳ್ಳಲ್ಲ, ಅದಕ್ಕೇ ಈಗಲೂ ನಾಚಿಕೆ ಆಗುತ್ತೆ. ಅವಳು ಒಪ್ಪಿದ್ದು ಫೆಸ್ಟ್ ಸುದ್ದಿಗೆ. ಅಂಗಡಿ ಜಾಹೀರಾತಿಗೆ ಮುಖ ಕೊಡ್ತೀನಿ ಅಂತ ಅವಳು ಹೇಳಿರಲಿಲ್ಲ, ನಾನು ಮಾಡದ ಕೋರ್ಸ್ ಮಾಡಿದ್ದೀನಿ ಅಂತ ಹೇಳಿಸಿ ಅಂತಾನೂ ಹೇಳಿರಲಿಲ್ಲ. ಸುದ್ದಿಗೆ ತೆಗೆದ ಫೋಟೋ ಬೇರೆ, ಮಾರೋಕೆ ಬಳಸೋ ಫೋಟೋ ಬೇರೆ. ದೊಡ್ಡ ಏಜೆನ್ಸಿಗಳಲ್ಲಿ ಇದಕ್ಕೆ ಮಾಡೆಲ್ ರಿಲೀಸ್ ಅಂತ ಸಹಿ ತಗೋತಾರೆ, ಯಾವ ಕೆಲಸಕ್ಕೆ, ಎಲ್ಲಿ, ಎಷ್ಟು ದಿನ ಅಂತ ಬರೆದು. ನಮ್ಮ ಆಫೀಸಲ್ಲಿ ಜಾಹೀರಾತಿನ ದುಡ್ಡಿಗೆ ಮೂರು ಪ್ರತಿ ರಸೀದಿ ಇತ್ತು, ಮುಖಕ್ಕೆ ಒಂದು ಚೀಟಿ ಇರಲಿಲ್ಲ.

ಸಂಪಾದಕರು ಬಂದ್ರು, ಕ್ಷಮೆ ಕೇಳಿದ್ರು, ಟೀ ತರಿಸಿದ್ರು. ಮೂರು ದಿನ ಬಿಟ್ಟು ಒಳಪುಟದಲ್ಲಿ ಒಂದು ಕಾಲಂ, ಮೂರು ಸೆಂಟಿಮೀಟರ್‌ನಲ್ಲಿ ವಿಷಾದ ಪ್ರಕಟ ಆಯ್ತು. ಜಾಹೀರಾತು ಕಾಲು ಪುಟ. ಆ ವಿಷಾದದ ಫೋಟೋ ತೆಗೆದು ಯಾರೂ ಸ್ಟೇಟಸ್ ಹಾಕಲಿಲ್ಲ. ಕೊನೆಗೆ ಅವರ ಮಾವನೇ ಅದನ್ನ ಕಟ್ ಮಾಡಿ ಮನೆಮನೆಗೆ ತಗೊಂಡು ಹೋಗಿ ತೋರಿಸಿದ್ರಂತೆ.

ಕಾನೂನು ಏನು ಹೇಳುತ್ತೆ ಅಂತ ಆಗ ನನಗೆ ಗೊತ್ತಿರಲಿಲ್ಲ, ಹುಡುಕಿದ್ದು ಆಮೇಲೆ. ಜಾಹೀರಾತು ಉದ್ಯಮದವರೇ 1985ರಲ್ಲಿ ಕಟ್ಕೊಂಡ ಆಸ್ಕಿ ಅನ್ನೋ ಸಂಸ್ಥೆ ಇದೆ. ಫೇರ್‌ನೆಸ್ ಕ್ರೀಮ್‌ಗಳಂಥ ಜಾಹೀರಾತಿಗೆ ಅದು 2014ರಲ್ಲೇ ನಿಯಮ ಮಾಡಿತ್ತು, ಮೈಬಣ್ಣದ ಮೇಲೆ ತಾರತಮ್ಯ ತೋರಿಸಬಾರ್ದು ಅಂತ. ಕೋಚಿಂಗ್ ವಿಷಯಕ್ಕೆ ಬಂದ್ರೆ, ಕೇಂದ್ರ ಗ್ರಾಹಕ ರಕ್ಷಣಾ ಪ್ರಾಧಿಕಾರ 2024ರ ನವೆಂಬರ್‌ನಲ್ಲಿ ಬೇರೇನೇ ಮಾರ್ಗಸೂಚಿ ತಂದಿದೆ. ಪಾಸಾದ ವಿದ್ಯಾರ್ಥಿಯ ಹೆಸರು, ಫೋಟೋ ಬಳಸಬೇಕಂದ್ರೆ ಲಿಖಿತ ಒಪ್ಪಿಗೆ ಬೇಕು, ಅದೂ ಅವರು ಸೆಲೆಕ್ಟ್ ಆದ ಮೇಲೆ ತಗೊಂಡಿದ್ದು. ಸೇರೋವಾಗಲೇ ಫಾರಂ ಮೇಲೆ ಸಹಿ ಹಾಕಿಸ್ಕೊಂಡ್ರೆ ನಡೆಯಲ್ಲ. ಯಾವ ಕೋರ್ಸ್ ಮಾಡಿದ್ರು ಅಂತ ಫೋಟೋ ಜೊತೆಗೇ ಹಾಕಬೇಕು. ಸ್ಟಾರ್ ಹಾಕಿ ಕೆಳಗೆ ಇರುವೆ ಸೈಜಲ್ಲಿ ಬರೆಯೋ ಷರತ್ತು ಇರುತ್ತಲ್ಲ, ಅದೂ ಉಳಿದ ಮುಖ್ಯ ವಿವರಗಳಷ್ಟೇ ದೊಡ್ಡ ಅಕ್ಷರದಲ್ಲಿ ಇರಬೇಕು. ಡಿಸೈನರ್ ತಮ್ಮ, ಪಾರ್ಟಿ "ಅದನ್ನ ಸಣ್ಣದು ಮಾಡು" ಅಂದ್ರೆ ಇದನ್ನ ತೋರಿಸು. ಗ್ರಾಹಕ ರಕ್ಷಣಾ ಕಾಯ್ದೆಯಲ್ಲಿ ದಾರಿ ತಪ್ಪಿಸೋ ಜಾಹೀರಾತಿಗೆ 10 ಲಕ್ಷದವರೆಗೂ ದಂಡ ಇದೆ, ಮತ್ತೆ ಮಾಡಿದ್ರೆ 50 ಲಕ್ಷದವರೆಗೂ. ಲೆಕ್ಕದ ಭಾಷೆ ಪಾರ್ಟಿಗೆ ಬೇಗ ಅರ್ಥ ಆಗುತ್ತೆ.

ಅದಾದ ಮೇಲೂ ನಾನು ಅಲ್ಲಿ ಎಂಟು ತಿಂಗಳು ಇದ್ದೆ. ಇನ್ನೂರು ಪುಟದ ಒಂದು ನೋಟ್‌ಬುಕ್ ತಗೊಂಡೆ. ಫೋಟೋ ತೆಗೆದ್ರೆ ದಿನಾಂಕ, ಹೆಸರು, ಸುದ್ದಿಗೋ ಜಾಹೀರಾತಿಗೋ, ಯಾವ ಅಂಗಡಿಗೆ, ಸಹಿ. ಹದಿನೆಂಟು ಆಗದವರಾದ್ರೆ ಮನೆಯವರ ಸಹಿ. "ಯೂತ್ ಜನರಲ್" ಫೋಲ್ಡರ್ ಡಿಲೀಟ್ ಮಾಡಿದೆ. ಪುಟ ಕಟ್ಟೋ ಅಣ್ಣ ಒಂದು ವಾರ ನನ್ನತ್ರ ಮಾತಾಡಲಿಲ್ಲ, ಐದು ವರ್ಷದ ಫೋಟೋ ಇತ್ತಲ್ಲೋ ಅಂತ. ಕೆಲಸ ನಿಧಾನ ಆಯ್ತು, ಎರಡು ಜಾಹೀರಾತು ಕೈತಪ್ಪಿದವು. ಒಬ್ಬ ಹುಡುಗ ಸಹಿ ಮಾಡೋ ಮುಂಚೆ "ಅಣ್ಣ, ನನ್ನ ಬಣ್ಣ ಮುಟ್ಟಬೇಡಿ" ಅಂದ. ಇನ್ನೊಬ್ಬಳು "ದಯವಿಟ್ಟು ಬೆಳ್ಳಗೆ ಮಾಡಿ ಅಣ್ಣ" ಅಂದಳು. ಅದಕ್ಕೆ ಏನು ಮಾಡಬೇಕಿತ್ತು ಅಂತ ನನಗೆ ಇವತ್ತಿಗೂ ತಿಳಿದಿಲ್ಲ. ಅವತ್ತು, ಆಗಲ್ಲಮ್ಮ ಅಂದೆ, ಅವಳು ಸಹಿ ಹಾಕದೆ ಹೋದಳು.

ಬಣ್ಣ ಸರಿಯಾಗಿ ಬರೋಕೆ ಕೊನೆಗೆ ಕಂಡ್ಕೊಂಡ ದಾರಿ ತೀರಾ ಸಾದಾ. ಮಧ್ಯಾಹ್ನ ನೆತ್ತಿ ಮೇಲಿನ ಬಿಸಿಲಲ್ಲಿ ತೆಗೆಯಲ್ಲ, ವರಾಂಡದ ನೆರಳಲ್ಲಿ, ಬೆಳಕು ಎದುರಿಂದ ಬರೋ ಹಾಗೆ ನಿಲ್ಲಿಸ್ತಿದ್ದೆ. ಮುಖದ ಮೇಲೆ ಬೆಳಕು ಸಾಕಷ್ಟಿದ್ರೆ ನ್ಯೂಸ್‌ಪ್ರಿಂಟ್ ಮೇಲೂ ಕಣ್ಣು ಮೂಗು ಸ್ಪಷ್ಟ ಬರುತ್ತೆ, ಕಪ್ಪು ಕಪ್ಪಾಗೇ ಇರುತ್ತೆ, ಮಸಿ ಆಗಲ್ಲ. ಬ್ಯಾಕ್‌ಗ್ರೌಂಡ್ ತೀರಾ ಬಿಳಿ ಇಟ್ಟಷ್ಟೂ ಮುಖ ಕಪ್ಪು ಕಾಣುತ್ತೆ, ಅದಕ್ಕೆ ಇಟ್ಟಿಗೆ ಗೋಡೆ, ಹಸಿರು ಬಾಗಿಲು ಹುಡುಕ್ತಿದ್ದೆ. ಫೋಟೋಶಾಪಲ್ಲಿ ಇಡೀ ಫೋಟೋ ಎತ್ತು, ಮುಖ ಮಾತ್ರ ಎತ್ತಬೇಡ.

ಈ ಎಪಿಸೋಡ್ ಮಾಡಲಾ ಅಂತ ಆ ಹುಡುಗಿಯನ್ನ ಕೇಳಿದ್ದೆ. ಈಗ ಅವಳು ಬೆಂಗಳೂರಲ್ಲಿ ಕೆಲಸದಲ್ಲಿದ್ದಾಳೆ. ಹೆಸರು, ಕಾಲೇಜು ಹೇಳದೆ ಮಾಡಿ ಅಂದಳು, ಬರೆದಿದ್ದನ್ನ ಮೊದಲು ಕಳಿಸಿ ಅಂತಾನೂ ಅಂದಳು. ಕಳಿಸಿದೆ. ರಾತ್ರಿ ಹನ್ನೊಂದಕ್ಕೆ ಒಂದು ವಾಯ್ಸ್ ನೋಟ್ ಬಂತು: "ಅಣ್ಣ, ಮೆಟ್ಟಿಲ ಮೇಲೆ ನಾನು ನಗ್ತಿದ್ದೆ ಅಂತ ಬರ್ದಿದ್ದೀರಲ್ಲ. ನಗ್ತಿರ್ಲಿಲ್ಲ, ಬಿಸಿಲಿಗೆ ಕಣ್ಣು ಬಿಡೋಕೆ ಆಗ್ತಿರ್ಲಿಲ್ಲ ಅಷ್ಟೇ." ಅದನ್ನ ತಿದ್ದಿದ್ದೀನಿ.

ಮುಂದಿನ ವಾರ ಸಿಗೋಣ. ಆ ಡಿಸೈನರ್ ತಮ್ಮ, ಮೊದಲ ಸಂಬಳ ಬಂದ ಮೇಲೆ ಮೆಸೇಜ್ ಹಾಕು.